ಕೀಟಗಳ ಮ್ಯಾಕ್ರೋ: ಇರೋ ಝೂಮ್ ಲೆನ್ಸಿನಲ್ಲೇ ಶುರು ಮಾಡಬಹುದಾ?

ಕ್ರಾಪ್ ಸೆನ್ಸರ್ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್) ಕ್ಯಾಮೆರಾ ಇದೆ. 18-55, 55-250 ಮಿ.ಮೀ. ಎರಡು ಲೆನ್ಸ್, ಒಂದು ಮ್ಯಾನ್ಯುಯಲ್ ಫ್ಲ್ಯಾಶ್. ಇರುವೆ, ಜೀರುಂಡೆ, ನೊಣಗಳ ಕಣ್ಣು ಮೀಸೆ ಕಾಣೋ ಹಾಗೆ ತೆಗೆಯಬೇಕು ಅಂತ ಆಸೆ. ಝೂಮ್ ಪೂರ್ತಿ ಎಳೆದರೂ ಇರುವೆ ಚುಕ್ಕೆಯಾಗೇ ಉಳಿಯುತ್ತೆ, ಹತ್ತಿರ ಹೋದರೆ ಫೋಕಸ್ ಹಿಡಿಯಲ್ಲ. ಮ್ಯಾಕ್ರೋ ಲೆನ್ಸ್ ಕೊಳ್ಳಲೇಬೇಕಾ? ಬಲ್ಲವರು ಹೇಳಿ.

* * *

ಈಗಲೇ ಬೇಡ. ನಿಮ್ಮ 55-250 ಮುಂದೆ ಭೂತಗನ್ನಡಿಯಂಥ ಒಂದು ಕ್ಲೋಸ್‌ಅಪ್ ಲೆನ್ಸ್ ಹಾಕಿ. ರೇನಾಕ್ಸ್ ಡಿಸಿಆರ್-250 ಇದಕ್ಕೆ ಹೇಳಿ ಮಾಡಿಸಿದ್ದು. ಕ್ಲಿಪ್ ಒತ್ತಿ ಸಿಕ್ಕಿಸಿದರೆ ಆಯ್ತು. 52ರಿಂದ 67 ಮಿ.ಮೀ. ಫಿಲ್ಟರ್ ಥ್ರೆಡ್ ಇರುವ ಲೆನ್ಸ್‌ಗಳಿಗೆ ಕೂರುತ್ತೆ. ಅದರ ಶಕ್ತಿ 8 ಡಯಾಪ್ಟರ್, ಅಂದರೆ ಫೋಕಲ್ ಲೆಂತ್ 125 ಮಿ.ಮೀ. ಝೂಮನ್ನು ಇನ್ಫಿನಿಟಿಗೆ (ತೀರಾ ದೂರಕ್ಕೆ) ಫೋಕಸ್ ಮಾಡಿಟ್ಟರೆ ಲೆಕ್ಕ ಸುಲಭ: ಝೂಮ್ ಎಷ್ಟರಲ್ಲಿದೆಯೋ ಅದನ್ನು 125ರಿಂದ ಭಾಗಿಸಿ. 125ರಲ್ಲಿ 1:1 (ಸೆನ್ಸರ್ ಮೇಲೆ ಹುಳುವಿನ ನಿಜ ಗಾತ್ರ), 250ರಲ್ಲಿ 2:1 (ಅದರ ಎರಡರಷ್ಟು). 6 ಮಿ.ಮೀ. ಇರುವೆ 2:1ರಲ್ಲಿ ಸೆನ್ಸರ್ ಮೇಲೆ 12 ಮಿ.ಮೀ. ಆಗುತ್ತೆ, ಅಂದರೆ ಹೆಚ್ಚುಕಮ್ಮಿ ಅರ್ಧ ಫ್ರೇಮ್.

ಝೂಮ್ ಎಲ್ಲೇ ಇರಲಿ, ಹುಳು ಲೆನ್ಸ್ ಮೂತಿಯಿಂದ ಸುಮಾರು 12 ಸೆಂ.ಮೀ. ದೂರದಲ್ಲೇ ಇರಬೇಕು. ಮೊದಲ ದಿನವೇ 250ಕ್ಕೆ ಹೋಗಬೇಡಿ. 100-150ರಲ್ಲಿ ಕೈ ಪಳಗಲಿ. 55-70ರ ಕಡೆ ಮೂಲೆಗಳು ಕಪ್ಪಾಗುತ್ತವೆ, ಅದು ಲೆನ್ಸ್ ಕೆಟ್ಟಿದ್ದಲ್ಲ. ಚಿಟ್ಟೆ, ಏರೋಪ್ಲೇನ್ ಚಿಟ್ಟೆಗಳೇ ಹೆಚ್ಚು ಅನ್ನೋದಾದರೆ ಡಿಸಿಆರ್-150 (4.8 ಡಯಾಪ್ಟರ್) ಸಾಕು, ದೂರ 20 ಸೆಂ.ಮೀ. ಸಿಗುತ್ತೆ. ಒಂಟಿ ಗಾಜಿನ ಅಗ್ಗದ ಕ್ಲೋಸ್‌ಅಪ್ ಫಿಲ್ಟರ್ ಬೇಡ, ಅಂಚಿನಲ್ಲಿ ನೇರಳೆ-ಹಸಿರು ಗೆರೆ ಬಿಡುತ್ತೆ.

* * *

ಇನ್ನೂ ಅಗ್ಗದ ದಾರಿ ರಿವರ್ಸ್ ರಿಂಗ್. 18-55 ತಿರುಗಿಸಿ ಹಾಕಿದರೆ ಎಲ್ಲಾ ಉಲ್ಟಾ: 55ರಲ್ಲಿ ಕಮ್ಮಿ ದೊಡ್ಡದು, 18ರಲ್ಲಿ ವಿಪರೀತ ದೊಡ್ಡದು. ಆದರೆ ಹುಳುವಿಗೂ ಗಾಜಿಗೂ ನಡುವೆ ನಾಲ್ಕೈದು ಸೆಂ.ಮೀ. ಮಾತ್ರ, ಲೆನ್ಸಿನ ನೆರಳೇ ಅದರ ಮೇಲೆ ಬೀಳುತ್ತೆ. ಕ್ಯಾಮೆರಾದಿಂದ ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ) ಬದಲಿಸೋಕೂ ಆಗಲ್ಲ. ಅಪರ್ಚರ್ ರಿಂಗ್ ಇರುವ ಹಳೇ 50 ಮಿ.ಮೀ. ಸಿಕ್ಕರೆ ಈ ಕೆಲಸಕ್ಕೆ ಅದೇ ಸರಿ.

ಎಕ್ಸ್‌ಟೆನ್ಷನ್ ಟ್ಯೂಬ್ (ಕ್ಯಾಮೆರಾಗೂ ಲೆನ್ಸಿಗೂ ನಡುವೆ ಹಾಕುವ ಖಾಲಿ ಕೊಳವೆ) ಕೊಳ್ಳುವ ಮುಂಚೆ ಒಂದು ಲೆಕ್ಕ. ಎಷ್ಟು ಪಟ್ಟು ದೊಡ್ಡದಾಗುತ್ತೆ ಅಂದರೆ, ಟ್ಯೂಬ್ ಉದ್ದ ಭಾಗಿಸು ಫೋಕಲ್ ಲೆಂತ್. 36 ಮಿ.ಮೀ. ಟ್ಯೂಬ್ 50ಕ್ಕೆ 0.72 ಕೊಡುತ್ತೆ, 250ಕ್ಕೆ ಬರೀ 0.14. ನಿಮ್ಮ ಉದ್ದ ಝೂಮ್‌ಗೆ ಟ್ಯೂಬ್ ದಂಡ. ಕೊಂಡರೂ ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಇರೋದನ್ನೇ ಕೊಳ್ಳಿ.

* * *

ಎಲ್ಲರೂ ಲೆನ್ಸ್ ಲೆನ್ಸ್ ಅಂತೀರಿ. ಫೋಟೋ ಕೆಡೋದು ಬೆಳಕಿನಿಂದ. ಹೊಳೆಯುವ ಜೀರುಂಡೆಗೆ ಬರಿ ಫ್ಲ್ಯಾಶ್ ಹೊಡೆದರೆ ಬೆನ್ನಿನ ಮೇಲೆ ಬಿಳಿ ತೂತು ಬಿದ್ದಂತೆ ಕಾಣುತ್ತೆ. ದುಡ್ಡಿಗಿಂತ ಮೊದಲು ಒಂದು ಸಂಜೆ ಡಿಫ್ಯೂಸರ್‌ಗೆ (ಫ್ಲ್ಯಾಶ್ ಬೆಳಕನ್ನು ಹರಡಿ ಮೃದು ಮಾಡೋ ಪರದೆ) ಕೊಡಿ.

ಎ4 ಅಳತೆಯ ದಪ್ಪ ಕಾಗದವನ್ನು ಆಲಿಕೆಯ ಹಾಗೆ ಸುತ್ತಿ, ಕಿರಿದಾದ ಬಾಯಿ ಫ್ಲ್ಯಾಶ್ ತಲೆಗೆ, ಅಗಲದ ಬಾಯಿ ಮುಂದಕ್ಕೆ. ಒಳಗೆ ಅಲ್ಯುಮಿನಿಯಂ ಫಾಯಿಲ್. ಅಗಲದ ಬಾಯಿಗೆ ಟ್ರೇಸಿಂಗ್ ಪೇಪರ್ ಅಥವಾ ತೆಳು ಬಿಳಿ ಪ್ಯಾಕಿಂಗ್ ಫೋಮ್. ಈ ಹಾಳೆ ಲೆನ್ಸ್ ಮೂತಿಯ ಮೇಲೆ ಚಾಚಿ ಹುಳುವಿನ ಕಡೆ ಬಾಗಿರಬೇಕು. ಹುಳುವಿಗೆ ಹತ್ತಿರವಾದಷ್ಟೂ ಬೆಳಕು ಮೃದು. ಹಾಳೆಗೂ ಫ್ಲ್ಯಾಶ್‌ಗೂ ನಡುವೆ 10 ಸೆಂ.ಮೀ. ಆದರೂ ಬಿಡಿ, ಇಲ್ಲದಿದ್ದರೆ ಬೆಳಕು ಹಾಳೆಯ ತುಂಬ ಹರಡಲ್ಲ. ಪರೀಕ್ಷೆ ಹೀಗೆ: ಸ್ಟೀಲ್ ಚಮಚದ ಬೆನ್ನಿನ ಫೋಟೋ ತೆಗೆಯಿರಿ. ಅದರಲ್ಲಿ ಹಾಳೆ ಒಂದೇ ಸಮ ಬೆಳ್ಳಗೆ ಕಂಡರೆ ಸರಿ. ನಡುವೆ ಮಾತ್ರ ಉರಿಯುವ ಚುಕ್ಕೆ ಕಂಡರೆ ಒಳಗೆ ಇನ್ನೊಂದು ಪದರ ಹಾಕಿ.

ಉದ್ದ ಝೂಮ್ ಆದ್ದರಿಂದ ಹಾಟ್ ಶೂ (ಕ್ಯಾಮೆರಾ ನೆತ್ತಿಯ ಫ್ಲ್ಯಾಶ್ ಕೂರೋ ಜಾಗ) ಮೇಲಿನ ಫ್ಲ್ಯಾಶ್‌ನಿಂದ ಡಿಫ್ಯೂಸರ್ ಅಷ್ಟು ಮುಂದಕ್ಕೆ ಎಟುಕದೇ ಇರಬಹುದು. ಆಗ ಒಂದು ಬ್ರಾಕೆಟ್, ಒಂದು ಸಿಂಕ್ ಕೇಬಲ್ ಬೇಕಾಗುತ್ತೆ.

ಸೆಟ್ಟಿಂಗ್: ಮ್ಯಾನ್ಯುಯಲ್ ಮೋಡ್, ಶಟರ್ 1/200, ಅಪರ್ಚರ್ ಎಫ್/11, ಐಎಸ್‌ಒ 200, ಫ್ಲ್ಯಾಶ್ ಫುಲ್ ಪವರ್‌ನ 1/8. ಫೋಟೋ ಕಪ್ಪಾದರೆ ಫ್ಲ್ಯಾಶ್ ಏರಿಸಿ, ಮಿಕ್ಕಿದ್ದು ಮುಟ್ಟಬೇಡಿ. 1/8, 1/16ರಲ್ಲಿ ಫ್ಲ್ಯಾಶ್ ಮಿಂಚುವ ಹೊತ್ತು ತೀರಾ ಕಡಿಮೆ, ಕೈ ನಡುಕ ಅಲ್ಲೇ ನಿಂತುಹೋಗುತ್ತೆ. ಫುಲ್ ಪವರ್‌ನಲ್ಲಿ ಆ ಲಾಭ ಇಲ್ಲ, ರೀಚಾರ್ಜ್‌ಗೂ ಕಾಯಬೇಕು.

* * *

ಮೇಲಿನವರು ಹೇಳಿದ ಎಫ್/11 ಮ್ಯಾಕ್ರೋ ಲೆನ್ಸಿಗೆ, ಟ್ಯೂಬಿಗೆ ಸರಿ. ಅಲ್ಲಿ 1:1ರಲ್ಲಿ ಎಫ್/11 ಅಂದರೆ ನಿಜಕ್ಕೂ ಎಫ್/22ರ ಪರಿಣಾಮ. ರೇನಾಕ್ಸ್ ಹಾಕಿ ಝೂಮ್ ಇನ್ಫಿನಿಟಿಯಲ್ಲಿದ್ದಾಗ ಈ ಗುಣಾಕಾರ ಇಲ್ಲ. ಎಫ್/11 ಅಂದರೆ ಎಫ್/11ರ ಆಳವೇ (ಚುರುಕಾಗಿ ಕಾಣೋ ದಪ್ಪ), 1:1ರಲ್ಲಿ ಅರ್ಧ ಮಿ.ಮೀ.ಗೂ ಕಮ್ಮಿ. ಹಾಗಾಗಿ ಎಫ್/16ರಿಂದ ಶುರು ಮಾಡಿ, 1:1ರಲ್ಲಿ ಎಫ್/22ಕ್ಕೂ ಹೆದರಬೇಡಿ. 2:1ರಲ್ಲಿ ಎಫ್/16ಕ್ಕೆ ಸಿಗೋದು ಸುಮಾರು 0.16 ಮಿ.ಮೀ. ಮಾತ್ರ. ಇಷ್ಟೇ ಜಾಗದಲ್ಲಿ ಕಣ್ಣು ಕೂರಬೇಕು.

ಆಟೋಫೋಕಸ್ ಆಫ್. ಎಡಗೈಯ ಎರಡು ಬೆರಳಲ್ಲಿ ಹುಳು ಕೂತ ಕಡ್ಡಿಯನ್ನು ಮೆಲ್ಲಗೆ ಹಿಡಿದು, ಅದೇ ಕೈ ಮೇಲೆ ಲೆನ್ಸ್ ಒರಗಿಸಿ. ಗಾಳಿ ಬಂದರೆ ಕಡ್ಡಿ, ಕ್ಯಾಮೆರಾ ಒಟ್ಟಿಗೆ ತೂಗುತ್ತವೆ, ಅಂತರ ಬದಲಾಗಲ್ಲ. ಮೈಯನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡುತ್ತಾ, ಹತ್ತಿರದ ಕಣ್ಣು ಚುರುಕಾದ ಕ್ಷಣ ಒತ್ತಿ. ಐದಾರು ತೆಗೆದರೆ ಒಂದು ಉಳಿಯುತ್ತೆ, ಅದು ಎಲ್ಲರಿಗೂ ಅಷ್ಟೇ. ಇದಕ್ಕೆ ಟ್ರೈಪಾಡ್ ಬರೀ ಭಾರ.

* * *

ಟ್ರೈಪಾಡ್ ಪೂರ್ತಿ ಬಿಸಾಕಬೇಡಿ, ಮುಂಜಾನೆ ಬೇಕಾಗುತ್ತೆ. ಚಳಿಗೆ ಮೈ ಬಿಸಿಯಾಗದ ಹುಳುಗಳು ಕದಲಲ್ಲ. ಕೆಲವು ಒಂಟಿ ಜೇನ್ನೊಣಗಳು ದವಡೆಯಿಂದ ಕಡ್ಡಿ ಕಚ್ಚಿಕೊಂಡೇ ನಿದ್ದೆ ಹೊಡೆಯುತ್ತವೆ. ಅಂಥದ್ದಕ್ಕೆ ಫೋಕಸ್ ಸ್ಟ್ಯಾಕಿಂಗ್ ಮಾಡಿ: ಅಪರ್ಚರ್ ಒಂದೆರಡು ಸ್ಟಾಪ್ (ಹಂತ) ತೆರೆದು, ಮೂತಿಯಿಂದ ಹಿಂದಕ್ಕೆ ಫೋಕಸ್ ಸರಿಸುತ್ತಾ ಹತ್ತಿಪ್ಪತ್ತು ಫ್ರೇಮ್, ಆಮೇಲೆ ಝೀರೀನ್ ಸ್ಟ್ಯಾಕರ್ ಅಥವಾ ಹೆಲಿಕಾನ್ ಫೋಕಸ್ ಸಾಫ್ಟ್‌ವೇರ್‌ನಲ್ಲಿ ಜೋಡಿಸಿ. ನಡುವೆ ಮೀಸೆ ಅಲ್ಲಾಡಿದರೆ ನಾಲ್ಕು ಮೀಸೆಯ ಹುಳು ತಯಾರು.

* * *

ಎಲ್ಲರಿಗೂ ಥ್ಯಾಂಕ್ಸ್. ರೇನಾಕ್ಸ್ ತಂದು ಡಿಫ್ಯೂಸರ್ ಮಾಡಿದೆ, ಚಮಚದಲ್ಲಿ ಪಾಸ್. ಎರಡು ತೊಂದರೆ: ಹಗಲಲ್ಲಿ ತೆಗೆದರೂ ಹಿನ್ನೆಲೆ ಕಗ್ಗತ್ತಲು. ಇರುವೆ ಒಂದು ಕ್ಷಣ ನಿಲ್ಲಲ್ಲ. ಫ್ರಿಜ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟರೆ?

* * *

ಫ್ರಿಜ್ ಬೇಡ. ಹುಳು ಸಾಯಬಹುದು. ಬದುಕಿದರೂ ಹೊರಗೆ ತಂದ ಕೂಡಲೇ ಮೈಮೇಲೆ ಹನಿ ಕಟ್ಟುತ್ತೆ, ಕಾಲು ಮುದುಡಿ ಕೂತಿರೋದು ನೋಡಿದವರಿಗೆ ಗೊತ್ತಾಗಿಬಿಡುತ್ತೆ.

ನಡೆಯೋ ಇರುವೆಯ ಹಿಂದೆ ಓಡಬೇಡಿ. ಗಿಡಹೇನುಗಳ ಗುಂಪು ಹುಡುಕಿ. ಸಿಹಿ ರಸಕ್ಕೆ ಬಂದ ಇರುವೆ ಹೇನಿನ ಬೆನ್ನು ಮೀಸೆಯಿಂದ ತಟ್ಟುತ್ತಾ, ಹನಿ ಹೀರುವಾಗ ತುಸು ನಿಲ್ಲುತ್ತೆ. ಹೇನಿನ ಮೇಲೆ ಮೊದಲೇ ಫೋಕಸ್ ಮಾಡಿ ಕಾಯಿರಿ. ನಿಮ್ಮ ನೆರಳು ಅತ್ತ ಬೀಳದಿರಲಿ, ಉಸಿರು ಕೂಡ ತಾಗದಿರಲಿ.

ಹಿನ್ನೆಲೆ ಕಪ್ಪಾಗೋದು ಫ್ಲ್ಯಾಶ್ ಬೆಳಕು ಅಲ್ಲಿಗೆ ಮುಟ್ಟದೇ. ಹುಳುವಿನ ಹಿಂದೆ 5-10 ಸೆಂ.ಮೀ.ನಲ್ಲಿ ಎಲೆ ಬರೋ ಹಾಗೆ ಕೋನ ಬದಲಿಸಿ, ಹಸಿರು ತಾನಾಗಿ ತುಂಬಿಕೊಳ್ಳುತ್ತೆ. ಆಕಾಶದ ಬೆಳಕೇ ಬೇಕು ಅಂದರೆ ಐಎಸ್‌ಒ 800, ಶಟರ್ 1/60, ಐಎಸ್‌ಒ ಏರಿಸಿದಷ್ಟೇ ಫ್ಲ್ಯಾಶ್ ಇಳಿಸಿ. ಬಿಸಿಲಲ್ಲಿ ಇದನ್ನು ಮಾಡಿದರೆ ಇರುವೆಯ ಪಕ್ಕ ಮಸುಕಾದ ಎರಡನೇ ಇರುವೆ ಬರುತ್ತೆ. ನೆರಳಿರುವ ಕಡೆಯೇ ಮಾಡಿ.