ಬರ್ಗಂಡಿಯ ಹಳ್ಳಿ ಚರ್ಚುಗಳ ದಾರಿಯಲ್ಲಿ ಸೈಕಲ್: ಯಾರಾದರೂ ಹೋಗಿ ಬಂದವರಿದ್ದೀರಾ?

ಇಕ್ಕೇರಿ ದಾರಿ (ಸಾಗರ):

ಎಲ್ಲರಿಗೂ ನಮಸ್ಕಾರ. ನನಗೀಗ 58 ವರ್ಷ. ಹನ್ನೊಂದು ವರ್ಷದಿಂದ ಬೆಳಿಗ್ಗೆ ಎದ್ದು ಒಂದು ದಿನ ಇಕ್ಕೇರಿ, ಒಂದು ದಿನ ಕೆಳದಿ ಅಂತ ಸೈಕಲ್ ತುಳಿಯುತ್ತಿದ್ದೇನೆ. ದೇವಸ್ಥಾನದಲ್ಲಿ ಹತ್ತು ನಿಮಿಷ ಕೂತು ವಾಪಸ್ ಬರುವುದು ರೂಢಿ. ಆ ಹತ್ತು ನಿಮಿಷಕ್ಕೋಸ್ಕರವೇ ಸೈಕಲ್ ಹತ್ತುತ್ತೇನೆ ಅಂದರೂ ಸರಿಯೇ.

ಮಗಳು ಫ್ರಾನ್ಸಿನ ಲಿಯೋನ್‌ನಲ್ಲಿ ಕೆಲಸದಲ್ಲಿದ್ದಾಳೆ. ಈ ಜೂನ್‌ನಲ್ಲಿ ಒಂದು ತಿಂಗಳು ನಾನೂ ಮನೆಯವರೂ ಅಲ್ಲಿರುತ್ತೇವೆ. ಅವಳು ಒಂದು ಫೋಟೊ ಕಳಿಸಿದ್ದಳು: ದ್ರಾಕ್ಷಿ ತೋಟದ ನಡುವೆ ಸಣ್ಣ ರಸ್ತೆ, ರಸ್ತೆಯ ತುದಿಯಲ್ಲಿ ಕಲ್ಲಿನ ಹಳೇ ಚರ್ಚು. ಅವತ್ತಿನಿಂದ ಮನಸ್ಸು ಅಲ್ಲೇ ಇದೆ. ಬರ್ಗಂಡಿ ಕಡೆ ಇಂಥ ಚರ್ಚುಗಳು ಹಳ್ಳಿಹಳ್ಳಿಗೂ ಇವೆಯಂತೆ. ನಾಲ್ಕು ದಿನ ಒಬ್ಬನೇ ಸೈಕಲ್‌ನಲ್ಲಿ ಸುತ್ತಬೇಕು ಅಂತಿದೆ.

ದಿನಕ್ಕೆ 50 ಕಿಲೋಮೀಟರ್ ಆರಾಮಾಗಿ ತುಳಿಯುತ್ತೇನೆ. ಆದರೆ ಭಾಷೆ ಬರುವುದಿಲ್ಲ, ಊಟ ಪೂರ್ತಿ ಸಸ್ಯಾಹಾರ. ಏರು ಹೇಗಿದೆ? ನೀರು ಎಲ್ಲಿ ಸಿಗುತ್ತದೆ? ಚರ್ಚಿನ ಬಾಗಿಲು ತೆಗೆದಿರುತ್ತದಾ, ಇಲ್ಲ ಹೊರಗಿನಿಂದಲೇ ನೋಡಿ ಬರಬೇಕಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಹುಲಿಕಲ್ ಏರು (ಹೊಸನಗರ):

ರಸ್ತೆಯ ವಿಷಯ ಮಾತ್ರ ಹೇಳುತ್ತೇನೆ ಅಣ್ಣ. ನಾನು ತುಳಿದದ್ದು ಆಲ್ಪ್ಸ್ ಕಡೆ, ಆದರೆ ನಿಯಮ ಎಲ್ಲ ಕಡೆ ಒಂದೇ.

ಅಲ್ಲಿ ಬಲಗಡೆ ಓಡಿಸಬೇಕು. ಮೊದಲ ದಿನ ನೇರ ರಸ್ತೆಯಲ್ಲಿ ತೊಂದರೆ ಆಗುವುದಿಲ್ಲ. ತಪ್ಪುವುದು ಎಲ್ಲಾದರೂ ನಿಂತು ಮತ್ತೆ ಹೊರಡುವಾಗ. ಕೈ ತಾನಾಗಿ ಎಡಕ್ಕೆ ತಿರುಗಿಸುತ್ತದೆ. ಪ್ರತಿ ಸಲ ಹೊರಡುವ ಮುಂಚೆ ಒಮ್ಮೆ ‘ಬಲ’ ಅಂತ ಬಾಯಿಬಿಟ್ಟು ಹೇಳಿಕೊಳ್ಳಿ. ಇನ್ನೊಂದು, ಹಳ್ಳಿಯೊಳಗೆ ಫಲಕ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಅದು ಸಣ್ಣ ಓಣಿಯಾದರೂ ಅಷ್ಟೇ.

ಕಾರಿನವರ ಭಯ ಬೇಡ. ಊರ ಹೊರಗೆ ಸೈಕಲ್ ದಾಟುವಾಗ ಒಂದೂವರೆ ಮೀಟರ್ ಜಾಗ ಬಿಡಬೇಕು ಅಂತ ಕಾನೂನೇ ಇದೆ. ಜಾಗ ಸಿಗದಿದ್ದರೆ ಹಾರ್ನ್ ಮಾಡದೆ ಹಿಂದೆಯೇ ಬರುತ್ತಾರೆ. ಕತ್ತಲಾದ ಮೇಲೆ ಊರ ಹೊರಗೆ ಹೊಳೆಯುವ ಜಾಕೆಟ್ ಕಡ್ಡಾಯ. ಜೂನ್‌ನಲ್ಲಿ ಅಲ್ಲಿ ರಾತ್ರಿ ಒಂಬತ್ತೂವರೆವರೆಗೂ ಬೆಳಕಿರುತ್ತದೆ, ಆದರೂ ಒಂದು ಇಟ್ಟುಕೊಳ್ಳಿ.

ತುಂಗೆಯ ದಂಡೆ (ಶಿವಮೊಗ್ಗ):

ಇಕ್ಕೇರಿ ದಾರಿ ಅಣ್ಣನವರೇ, ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ನೀವು ಕೇಳಿದ ಊರುಗಳಲ್ಲೇ ನಾನು ಆರು ದಿನ ತುಳಿದಿದ್ದೇನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನನ್ನದೊಂದೇ ಮಾತು: ಊರಿಂದ ಊರಿಗೆ ಸಾಮಾನು ಹೊತ್ತು ಹೋಗಬೇಡಿ. ನಾನು ಮೊದಲ ಎರಡು ದಿನ ಹಾಗೆ ಮಾಡಿ ಎಂಟು ಚರ್ಚು ನೋಡಿದೆ, ಒಂದೂ ನೆನಪಿಲ್ಲ. ಆಮೇಲೆ ಒಂದೇ ಊರಲ್ಲಿ ಉಳಿದು ದಿನಕ್ಕೊಂದು ಸುತ್ತು ಹಾಕಿದೆ. ಆಗ ನೋಡಿದ್ದು ಇವತ್ತಿಗೂ ಕಣ್ಣಲ್ಲಿದೆ. ನೀವು ಇಕ್ಕೇರಿಗೆ ಹೋದ ಹಾಗೇ ಅಲ್ಲಿಯೂ ಹೋಗಿ.

ಲಿಯೋನ್‌ನಿಂದ ಪ್ರಾದೇಶಿಕ ರೈಲು ಹಿಡಿದು ತೂರ್ನ್ಯೂ ಎಂಬಲ್ಲಿ ಇಳಿಯಿರಿ. ಸೈಕಲ್ಲನ್ನು ಹಾಗೇ ರೈಲಿಗೆ ಹತ್ತಿಸಬಹುದು, ಬಿಚ್ಚುವುದು ಬೇಡ. ಬೇಸಿಗೆಯಲ್ಲಿ ಸೈಕಲ್ ಜಾಗಕ್ಕೆ ನೂಕು ಜಾಸ್ತಿ, ಮಗಳ ಹತ್ತಿರ ಮೊದಲೇ ವಿಚಾರಿಸಿಟ್ಟುಕೊಳ್ಳಿ. ತೂರ್ನ್ಯೂನಲ್ಲಿ ಸೇಂಟ್ ಫಿಲಿಬೆರ್ ಅಂತ ದೊಡ್ಡ ಹಳೇ ಮಠದ ಚರ್ಚಿದೆ. ಗುಲಾಬಿ ಬಣ್ಣದ ಕಲ್ಲಿನ ದುಂಡು ಕಂಬಗಳು. ಅದನ್ನು ನೋಡಿಕೊಂಡು ಡಿ14 ರಸ್ತೆ ಹಿಡಿಯಿರಿ. ಡಿ ಅಂದರೆ ಜಿಲ್ಲಾ ರಸ್ತೆ. ಬ್ರಾಂಸಿಯೋನ್ ಗುಡ್ಡ ಹತ್ತಿ, ಶಾಪೇಜ್ ದಾಟಿ, ಕೊರ್ಮಾತಾನ್‌ಗೆ ಇಳಿದು, ಅಲ್ಲಿಂದ ಕ್ಲುನಿ. ಒಟ್ಟು ಸುಮಾರು 40 ಕಿಲೋಮೀಟರ್. ಕ್ಲುನಿಯಲ್ಲಿ ಮೂರು ರಾತ್ರಿ ಉಳಿಯಿರಿ.

ಏರಿನ ಬಗ್ಗೆ ಕೇಳಿದ್ದೀರಿ. ಆಗುಂಬೆಯ 14 ತಿರುವಿನ ಹಾಗೆ ಒಂದೇ ಸಮ ಹತ್ತಿಸುವ ಘಾಟಿ ಅಲ್ಲಿ ಇಲ್ಲ. ನಮ್ಮ ತೀರ್ಥಹಳ್ಳಿ ಕಡೆಯ ಒಳರಸ್ತೆಗಳ ಹಾಗೆ, ಗುಡ್ಡ ಹತ್ತು, ಹಳ್ಳಕ್ಕೆ ಇಳಿ, ಮತ್ತೆ ಹತ್ತು. ಚಿಕ್ಕ ಏರು, ಆದರೆ ಕೆಲವು ಕಡಿದು. ಬಾಡಿಗೆ ಸೈಕಲ್ ತಗೊಳ್ಳುವಾಗ ಹಿಂದಿನ ದೊಡ್ಡ ಗೇರಿಗೆ 32 ಹಲ್ಲಾದರೂ ಇರಲಿ. ಮಂಡಿ ಉಳಿಯುತ್ತದೆ.

ಈಗ ಶಾಪೇಜ್ ಬಗ್ಗೆ. ಇದನ್ನು ಹೇಳದೆ ಇರಲಾರೆ. ನಾಲ್ಕು ಮನೆಯ ಊರು. ನಡುವೆ 11ನೇ ಶತಮಾನದ ಸೇಂಟ್ ಮಾರ್ಟಿನ್ ಚರ್ಚು. ಅದರ ಗಂಟೆ ಗೋಪುರ ಸುಮಾರು 35 ಮೀಟರ್ ಎತ್ತರ, ಅಷ್ಟು ಸಣ್ಣ ಊರಿಗೆ ಇಷ್ಟು ದೊಡ್ಡದಾ ಅನ್ನಿಸುತ್ತದೆ. ಗೋಡೆ ಹತ್ತಿರ ಹೋಗಿ ಕೈಯಿಟ್ಟು ನೋಡಿ. ನಯವಾಗಿ ಕೆತ್ತಿದ ದೊಡ್ಡ ಕಲ್ಲಲ್ಲ. ಸುತ್ತಿಗೆಯಲ್ಲಿ ಒಡೆದ ಸಣ್ಣ ಸಣ್ಣ ಸುಣ್ಣದಕಲ್ಲು, ಒಂದರ ಮೇಲೊಂದು ಜೋಡಿಸಿ ಗಾರೆ ಹಾಕಿದ್ದು. ಜೇನಿನ ಬಣ್ಣ. ಬಿಸಿಲು ಕುಡಿದು ಸಂಜೆಯವರೆಗೂ ಬೆಚ್ಚಗಿರುತ್ತದೆ.

ಒಳಗೆ ಹೋದರೆ ದುಂಡನೆಯ ಕಂಬಗಳು, ಒಬ್ಬ ತಬ್ಬಿದರೆ ಕೈ ಸೇರುವುದಿಲ್ಲ. ಇಷ್ಟು ದಪ್ಪ ಯಾಕೆ ಅಂತ ನನಗೆ ಅಲ್ಲಿ ಕೂತ ಮೇಲೆ ಹೊಳೆಯಿತು. ನಿಮ್ಮ ಇಕ್ಕೇರಿಯಲ್ಲಿ ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ಮೇಲೆ ಚಪ್ಪಡಿ. ಭಾರ ನೆಟ್ಟಗೆ ಕೆಳಗೆ ಇಳಿಯುತ್ತದೆ, ಕಂಬ ಅದನ್ನು ಹೊತ್ತರೆ ಸಾಕು. ಅಲ್ಲಿ ಮಾಡು ಇಡೀ ಕಲ್ಲಿನ ಕಮಾನು. ಕಮಾನು ಕೆಳಕ್ಕೂ ಒತ್ತುತ್ತದೆ, ಪಕ್ಕಕ್ಕೂ ತಳ್ಳುತ್ತದೆ. ಗೋಡೆ ತೆಳ್ಳಗಿದ್ದರೆ ಹೊರಕ್ಕೆ ವಾಲುತ್ತದೆ. ಅದಕ್ಕೇ ದಪ್ಪ ಗೋಡೆ, ದಪ್ಪ ಕಂಬ, ಸಣ್ಣ ಕಿಟಕಿ. ಕಿಟಕಿ ಸಣ್ಣದು, ಹಾಗಾಗಿ ಒಳಗೆ ಮಬ್ಬು. ನಮ್ಮಲ್ಲೂ ಮಬ್ಬು ಇದೆ, ಕಾರಣ ಬೇರೆ. ಇದು ತಿಳಿದ ಮೇಲೆ ಪ್ರತಿ ಚರ್ಚಿನಲ್ಲೂ ಮೊದಲು ತಲೆಯೆತ್ತಿ ಮಾಡು ನೋಡುತ್ತೇನೆ, ಆಮೇಲೆ ಗೋಡೆಯ ದಪ್ಪ.

ನೀರಿನ ವಿಷಯ. ಅವತ್ತು ಭಾನುವಾರ ಮಧ್ಯಾಹ್ನ, ಎರಡು ಗಂಟೆ. ಎರಡೂ ಬಾಟಲಿ ಖಾಲಿ. ಅಂಗಡಿ ಇಲ್ಲ, ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಬಾಯಿ ಒಣಗಿ ತಲೆ ಸುತ್ತುವ ಹಾಗಾಗಿತ್ತು. ಒಂದು ಹಳ್ಳಿಯ ಸ್ಮಶಾನದಿಂದ ಹೂವಿಗೆ ನೀರು ಹಾಕುವ ಕ್ಯಾನ್ ಹಿಡಿದು ಒಬ್ಬ ಅಜ್ಜ ಹೊರಗೆ ಬಂದರು. ನನ್ನ ಖಾಲಿ ಬಾಟಲಿ ನೋಡಿ ಒಳಗೆ ಕೈ ತೋರಿಸಿದರು. ಗೇಟಿನ ಪಕ್ಕದಲ್ಲೇ ನಲ್ಲಿ. ಮಸಣದ ನೀರು ಕುಡಿಯುವುದಾ ಅಂತ ನಿಂತುಬಿಟ್ಟೆ, ಸುಳ್ಳು ಹೇಳುವುದಿಲ್ಲ. ಅಜ್ಜ ತಾವೇ ನಲ್ಲಿ ತಿರುಗಿಸಿ ಬೊಗಸೆಯಲ್ಲಿ ಕುಡಿದು ತೋರಿಸಿದರು. ಆಮೇಲೆ ನಾನೂ ಕುಡಿದೆ. ತಣ್ಣಗಿತ್ತು, ನಮ್ಮ ಬಾವಿ ನೀರಿನ ಹಾಗೆ.

ಅಲ್ಲಿ ಸೈಕಲ್‌ನವರೆಲ್ಲ ಹೀಗೇ ಮಾಡುತ್ತಾರಂತೆ. ಗೋರಿಯ ಹೂಗಿಡಗಳಿಗೆ ಅಂತ ಹೆಚ್ಚಿನ ಕಡೆ ನಲ್ಲಿ ಇಟ್ಟಿರುತ್ತಾರೆ. ‘ಓ ಪೊಟಾಬ್ಲ್’ ಅಂತ ಬರೆದಿದ್ದರೆ ಕುಡಿಯುವ ನೀರು. ಅದರ ನಡುವೆ ‘ನೋ’ ಸೇರಿದ್ದರೆ ಕುಡಿಯಬೇಡಿ.

ಬಾಗಿಲು ಹಗಲು ಹೊತ್ತು ಬಹುತೇಕ ತೆಗೆದಿರುತ್ತದೆ. ಮುಚ್ಚಿದ ಹಾಗೆ ಕಂಡರೂ ಚಿಲಕ ಒತ್ತಿ ನೋಡಿ, ಭಾರದ ಬಾಗಿಲು. 1905ರ ಕಾನೂನಿನಿಂದ ಅಲ್ಲಿ ಸರ್ಕಾರವೂ ಧರ್ಮವೂ ಬೇರೆಯಾದವು. ಅದಕ್ಕಿಂತ ಹಿಂದಿನ ಹಳ್ಳಿ ಚರ್ಚುಗಳು ಬಹುತೇಕ ಆಯಾ ಊರಿನ ಪಂಚಾಯಿತಿಯ ಆಸ್ತಿ. ಮಾಡು ಸೋರಿದರೆ ದುರಸ್ತಿ ಮಾಡಿಸುವುದೂ ಅವರೇ. ಒಬ್ಬ ಪಾದ್ರಿ ಎಷ್ಟೋ ಹಳ್ಳಿ ನೋಡಿಕೊಳ್ಳುತ್ತಾರೆ, ಹಾಗಾಗಿ ಪ್ರತಿ ಭಾನುವಾರ ಪ್ರತಿ ಚರ್ಚಿನಲ್ಲಿ ಪೂಜೆ ಇರುವುದಿಲ್ಲ. ಆದರೂ ಯಾರೋ ಬಂದು ಗುಡಿಸಿ, ಹೂವಿಟ್ಟು ಹೋಗಿರುತ್ತಾರೆ. ಅದನ್ನು ನೋಡಿ ನನಗೆ ನಮ್ಮೂರಿನ ಸಣ್ಣ ಗುಡಿಗಳು ನೆನಪಾದವು.

ಮಂಡಗದ್ದೆ ಹಕ್ಕಿ (ತೀರ್ಥಹಳ್ಳಿ):

ನಾನು ದಿಜೋನ್‌ನಲ್ಲಿ ಎರಡು ವರ್ಷ ಓದಿದವಳು. ಊಟದ ವಿಷಯ ನಾನು ಹೇಳುತ್ತೇನೆ ಅಣ್ಣ.

ಮಧ್ಯಾಹ್ನ 12 ಗಂಟೆಗೆ ಚರ್ಚಿನ ಗಂಟೆ ಬಾರಿಸಿತು ಅಂದರೆ ಹಳ್ಳಿ ಅಂಗಡಿ ಮುಚ್ಚುವ ಹೊತ್ತಾಯಿತು ಅಂತಲೇ ತಿಳಿಯಿರಿ. ಮತ್ತೆ ತೆಗೆಯುವುದು ಎರಡು ಮೂರು ಗಂಟೆಯ ಮೇಲೆ. ಸೋಮವಾರ ಎಷ್ಟೋ ಬ್ರೆಡ್ ಅಂಗಡಿಗಳಿಗೆ ರಜೆ. ಹಾಗಾಗಿ ಬೆಳಿಗ್ಗೆಯೇ ಒಂದು ಬ್ಯಾಗೆಟ್, ಟೊಮೆಟೊ, ಹಣ್ಣು ಕಟ್ಟಿಕೊಳ್ಳಿ. ಜೂನ್ ಚೆರಿ ಹಣ್ಣಿನ ಕಾಲ. ಚೆನ್ನಾಗಿರುತ್ತದೆ.

ಒಂದು ಎಚ್ಚರಿಕೆ. ಆ ಕಡೆಯ ಆಡಿನ ಹಾಲಿನ ಚೀಸ್ ಮಾಕೋನೇ ತುಂಬಾ ಹೆಸರುವಾಸಿ. ಆದರೆ ಅಲ್ಲಿನ ಸಾಂಪ್ರದಾಯಿಕ ಚೀಸ್‌ಗಳಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ. ನಾನು ಆರು ತಿಂಗಳು ತಿಂದ ಮೇಲೆ ಗೊತ್ತಾಗಿ ಬೇಜಾರಾಯಿತು. ಅದಕ್ಕೇ ಮೊದಲೇ ಹೇಳುತ್ತಿದ್ದೇನೆ. ತರಕಾರಿ ಸೂಪ್ ಅಂದರೂ ಮಾಂಸದ ನೀರು ಇರಬಹುದು, ಕೇಳಿ. ಅಕ್ಕನ ಹತ್ತಿರ ಅವಲಕ್ಕಿ, ಚಟ್ನಿಪುಡಿ ಕಟ್ಟಿಸಿಕೊಂಡು ಹೋದರೆ ನಾಲ್ಕು ದಿನ ಚಿಂತೆಯಿಲ್ಲ.

ತುಂಗೆಯ ದಂಡೆಯವರೇ, ನೀವು ಸೈಕಲ್ ಹಾದಿ ಹೇಳಲೇ ಇಲ್ಲ. ಜಿವ್ರಿಯಿಂದ ಕ್ಲುನಿಗೆ 44 ಕಿಲೋಮೀಟರ್, ಹಳೇ ರೈಲು ದಾರಿಯನ್ನು 1997ರಲ್ಲಿ ಸೈಕಲ್‌ಗೆ ಅಂತ ಮಾಡಿದ್ದು. ಕಾರಿಲ್ಲ, ಏರಿಲ್ಲ. ಒಬ್ಬರೇ ಹೋಗುವವರಿಗೆ ಅದೇ ಕ್ಷೇಮ ಅಲ್ವಾ?

ತುಂಗೆಯ ದಂಡೆ (ಶಿವಮೊಗ್ಗ):

ಕ್ಷೇಮ ಹೌದು ತಂಗಿ. ಸುಸ್ತಾದ ದಿನಕ್ಕೆ ಅದು ಒಳ್ಳೆಯದೇ. ಕೊರ್ಮಾತಾನ್‌ನಿಂದ ಕ್ಲುನಿಗೆ ನಾನೂ ಅದರಲ್ಲೇ ಹೋದೆ, ತೇಜೆ ಹಳ್ಳಿ ದಾರಿಯಲ್ಲೇ ಸಿಗುತ್ತದೆ. ಆದರೆ ರೈಲು ದಾರಿ ಹಳ್ಳದ ಬುಡದಲ್ಲಿ ಹೋಗುತ್ತದೆ, ನೋಡಬೇಕಾದ ಚರ್ಚುಗಳು ಗುಡ್ಡದ ಮೇಲಿವೆ. ಬ್ರಾಂಸಿಯೋನ್ ಏರನ್ನು ತುಳಿದು ಹತ್ತಿ, 12ನೇ ಶತಮಾನದ ಆ ಚರ್ಚಿನ ಹಿಂದೆ ನಿಂತು ಕೆಳಗಿನ ಕಣಿವೆ ನೋಡುವ ಸುಖ ಹಾದಿಯಲ್ಲಿ ಸಿಗುವುದಿಲ್ಲ.

ಹಾದಿಯ ಇನ್ನೊಂದು ತುಂಡು ಮಾತ್ರ ಬಿಡಬೇಡಿ ಅಣ್ಣ. ಕ್ಲುನಿಯಿಂದ ಮಾಕೋನ್ ಕಡೆಗೆ ಬ್ವಾ ಕ್ಲೇರ್ ಎಂಬ ಹಳೇ ರೈಲು ಸುರಂಗ, 1.6 ಕಿಲೋಮೀಟರ್ ಉದ್ದ. ಚಳಿಗಾಲದಲ್ಲಿ ಬಾವಲಿಗಳಿಗೋಸ್ಕರ ಅದನ್ನು ಮುಚ್ಚಿಬಿಡುತ್ತಾರೆ, ಜೂನ್‌ನಲ್ಲಿ ತೆಗೆದಿರುತ್ತದೆ. ಬಿಸಿಲಿನಿಂದ ಒಳಗೆ ಹೋದರೆ ಮೈ ನಡುಗುವಷ್ಟು ತಂಪು. ಆ ಕಡೆ ಹೊರಬಂದರೆ ಬೆರ್ಜೆ ಲಾ ವಿಲ್ ಹತ್ತಿರ. ಅಲ್ಲಿನ ಸಣ್ಣ ಪ್ರಾರ್ಥನಾ ಮಂದಿರದಲ್ಲಿ 12ನೇ ಶತಮಾನದ ಗೋಡೆ ಚಿತ್ರಗಳಿವೆ. ಕೊನೆಯ ದಿನ ಅದನ್ನು ನೋಡಿ ಮಾಕೋನ್‌ನಲ್ಲಿ ಲಿಯೋನ್ ರೈಲು ಹತ್ತಬಹುದು.

ಇಕ್ಕೇರಿ ದಾರಿ (ಸಾಗರ):

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಕಡಿಮೆ. ಮನೆಯವರು ಅವಲಕ್ಕಿ ವಿಷಯ ಓದಿ ಈಗಲೇ ಪಟ್ಟಿ ಬರೆಯುತ್ತಿದ್ದಾರೆ. ಇನ್ನೆರಡು ಪ್ರಶ್ನೆ. ಕ್ಲುನಿಯ ಚರ್ಚು ಜಗತ್ತಿಗೇ ದೊಡ್ಡದಾಗಿತ್ತು ಅಂತ ಕೇಳಿದ್ದೇನೆ, ಅದು ಈಗ ಹೇಗಿದೆ? ಮತ್ತೆ, ಒಳಗೆ ಹೋಗುವಾಗ ಶೂ ಬಿಚ್ಚಬೇಕಾ? ಸೈಕಲ್ ಚಡ್ಡಿಯಲ್ಲಿ ಹೋಗಬಹುದಾ? ನಾಲ್ಕು ಜನ ನೋಡಿ ತಪ್ಪು ತಿಳಿಯುವ ಹಾಗಾಗಬಾರದು.

ತುಂಗೆಯ ದಂಡೆ (ಶಿವಮೊಗ್ಗ):

ಕ್ಲುನಿ ನೋಡಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ ಅಣ್ಣ. ಮಠ ಶುರುವಾದದ್ದು 910ರಲ್ಲಿ. 1088ರಲ್ಲಿ ಕಟ್ಟಲು ತೊಡಗಿದ ದೊಡ್ಡ ಚರ್ಚು 187 ಮೀಟರ್ ಉದ್ದ. ರೋಮ್‌ನ ಸೇಂಟ್ ಪೀಟರ್ ಕಟ್ಟುವವರೆಗೂ ಕ್ರೈಸ್ತ ಜಗತ್ತಿನಲ್ಲಿ ಅದೇ ದೊಡ್ಡದು. ಫ್ರಾನ್ಸಿನ ಕ್ರಾಂತಿಯಾದ ಮೇಲೆ ಅದನ್ನು ಮಾರಿದರು. ಕೊಂಡವರು ಕಲ್ಲುಕ್ವಾರಿಯ ಹಾಗೆ ವರ್ಷಗಟ್ಟಲೆ ಒಡೆದು ಮಾರಿದರು. ಈಗ ಒಂದು ಪಕ್ಕದ ತುಂಡು, ಅದರ ಮೇಲೊಂದು ಎತ್ತರದ ಗೋಪುರ ಉಳಿದಿದೆ. ಉಳಿದ ಜಾಗದಲ್ಲಿ ಕಂಬಗಳ ಬುಡ, ರಸ್ತೆ, ಮನೆ. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ನೋಡಿ. ನಡೆದಾಗಲೇ ಅದರ ಅಳತೆ ತಿಳಿಯುವುದು. ಬಿದನೂರು ನಗರದ ಕೋಟೆಯಲ್ಲಿ ನಡೆದಾಗ ಆಗುವ ಹಾಗೇ ಆಯಿತು ನನಗೆ.

ಶೂ ಬಿಚ್ಚಬೇಕಿಲ್ಲ. ಅಲ್ಲಿನವರೆಲ್ಲ ಶೂ ಹಾಕಿಕೊಂಡೇ ಹೋಗುತ್ತಾರೆ. ಚಡ್ಡಿ ಪರವಾಗಿಲ್ಲ, ತಲೆಯ ಹೆಲ್ಮೆಟ್ ತೆಗೆಯಿರಿ. ಪೂಜೆಯೋ ಸಾವಿನ ಕಾರ್ಯವೋ ನಡೆಯುತ್ತಿದ್ದರೆ ಹೊರಗೆ ಕಾಯಿರಿ.

ಆದರೆ ನಾನು ಬಿಚ್ಚಿದೆ. ಬ್ಲಾನೋ ಅಂತ ಗುಡ್ಡದ ಹಳ್ಳಿ, ಕ್ಲುನಿಯಿಂದ ಹತ್ತಿರವೇ. ಪೆಡಲಿಗೆ ಸಿಕ್ಕಿಸುವ ಶೂ ನನ್ನದು, ಒಳಗೆ ಎರಡು ಹೆಜ್ಜೆ ಇಟ್ಟರೆ ಕಲ್ಲಿನ ಮೇಲೆ ಟಕ್ ಟಕ್ ಅಂತ ಇಡೀ ಚರ್ಚಿಗೆ ಕೇಳಿಸಿತು. ಮನಸ್ಸು ತಡೆಯಲಿಲ್ಲ. ಬಾಗಿಲ ಬಳಿ ಬಿಚ್ಚಿಟ್ಟು ಸಾಕ್ಸ್‌ನಲ್ಲಿ ನಡೆದೆ. ಚಪ್ಪಡಿ ಐಸಿನ ಹಾಗಿತ್ತು, ನಡುದಾರಿಯಲ್ಲಿ ಜನರ ಕಾಲು ಸವೆಸಿ ಸ್ವಲ್ಪ ತಗ್ಗಾಗಿತ್ತು. ಆ ತಗ್ಗು ಅಂಗಾಲಿಗೇ ಗೊತ್ತಾಯಿತು. ಮಳೆಗಾಲದ ನಮ್ಮ ಮನೆಗಳ ಹಾಗೆ ತೇವದ ವಾಸನೆ, ಜೊತೆಗೆ ಮೇಣದ್ದು.

ಮುಂದೆ ಒಬ್ಬ ಅಜ್ಜಿ ಹೂಜಿಗೆ ಹೂ ಇಡುತ್ತಿದ್ದರು. ನನ್ನ ಕಾಲು ನೋಡಿದರು, ಬಾಗಿಲ ಬಳಿಯ ಶೂ ನೋಡಿದರು. ಏನೂ ಹೇಳಲಿಲ್ಲ. ಹೋಗಿ ಒಂದು ಕುರ್ಚಿಯ ಮೇಲಿದ್ದ ಹುಲ್ಲಿನ ದಿಂಬು ತಂದು ನನ್ನ ಕಾಲ ಕೆಳಗೆ ಇಟ್ಟು ಮತ್ತೆ ಹೂವಿನ ಕಡೆ ಹೋದರು. ಅವರ ಕೆಲಸ ಮುಗಿಯುವವರೆಗೆ ನಾನೂ ಅಲ್ಲೇ ಕೂತಿದ್ದೆ.

ಬ್ಲಾನೋಗೆ ಬೆಳಿಗ್ಗೆಯೇ ಹೊರಡಿ. ಕೊನೆಯ ಏರು ಜೋರಾಗಿದೆ, ಬಿಸಿಲೇರಿದರೆ ಕಷ್ಟ. ಒಂದು ಜೊತೆ ದಪ್ಪ ಸಾಕ್ಸ್ ಇಟ್ಟುಕೊಳ್ಳಿ.