ಅಪ್‌ಡೇಟ್: ಕಾಕಟೀಲ್ ತರುವ ವಿಚಾರ ನಿರ್ಧಾರವಾಯಿತು

ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಕಾಕಟೀಲ್ (ಜುಟ್ಟಿರುವ ಪುಟ್ಟ ಸಾಕುಗಿಳಿ) ಹೊಂದುತ್ತದೆಯೇ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸದ್ಯಕ್ಕೆ ತರುವುದಿಲ್ಲ ಅಂತ ತೀರ್ಮಾನಿಸಿದ್ದೇವೆ.

ಗದ್ದಲ, ಗಲೀಜು ನಮಗೆ ದೊಡ್ಡ ವಿಷಯ ಆಗಿರಲಿಲ್ಲ. ನಾನ್‌ಸ್ಟಿಕ್ ಪಾತ್ರೆ ಜಾಸ್ತಿ ಕಾದರೆ ಬರುವ ಹೊಗೆ ಹಕ್ಕಿಯ ಜೀವ ತೆಗೆಯಬಹುದು ಅಂತ ಯಾರೋ ಎಚ್ಚರಿಸಿದ್ದಿರಿ. ಪಾತ್ರೆ ಬದಲಾಯಿಸುವುದೂ ಕಷ್ಟವಲ್ಲ.

ತೊಡಕಾಗಿದ್ದು ಪುಡಿ. ಕಾಕಟೀಲ್ ಗರಿಗಳಿಂದ ಬಿಳಿ ಪುಡಿ ಸದಾ ಉದುರುತ್ತದೆ. ನಮ್ಮವರಿಗೆ ಆಸ್ತಮಾ ಇದೆ. ಗೆಳತಿಯ ಮನೆಯಲ್ಲಿ ಅವಳ ಹಕ್ಕಿಯ ಜೊತೆ ಒಂದು ಸಂಜೆ ಕೂತಿದ್ದೆವು, ಅಷ್ಟಕ್ಕೇ ಅವರಿಗೆ ಎದೆ ಬಿಗಿಯಿತು. ಡಾಕ್ಟರ್ ಕೂಡ ಬೇಡ ಎಂದರು.

ಪುಡಿ ಇಲ್ಲದಿದ್ದರೂ ಒಂಟಿತನದ ಪ್ರಶ್ನೆ ಉಳಿಯುತ್ತಿತ್ತು. ಕಾಕಟೀಲ್ ಗುಂಪಿನಲ್ಲಿ ಬದುಕುವ ಹಕ್ಕಿ. ಒಂದೇ ಇದ್ದರೆ ಮನೆಯವರೇ ಅದರ ಗುಂಪು, ಅಲ್ವಾ? ದಿನವಿಡೀ ಒಂಟಿಯಾಗಿದ್ದರೆ ಕೆಲವು ಹಕ್ಕಿಗಳು ತಮ್ಮ ಗರಿಯನ್ನೇ ಕಿತ್ತುಕೊಳ್ಳುತ್ತವೆ. ಚೆನ್ನಾಗಿ ನೋಡಿಕೊಂಡರೆ ಅದು 15–20 ವರ್ಷ ಬದುಕುತ್ತದೆ. ಅಷ್ಟು ವರ್ಷ ಖಾಲಿ ಮನೆಯಲ್ಲಿ ಕೂರಿಸುವುದಕ್ಕೆ ನನಗೆ ಮನಸ್ಸು ಬರಲಿಲ್ಲ.

ಮಗಳಿಗೆ ಬೇಜಾರಾಗಿದೆ. ಕಾರಣ ಹೇಳಿದಾಗ ಮಾತ್ರ ಅವಳಿಗೆ ಅರ್ಥವಾಯಿತು. ಖರೀದಿಸಿಟ್ಟಿದ್ದ ಪಂಜರ ಗೆಳತಿಗೆ ಕೊಟ್ಟೆವು, ಅವಳ ಹಕ್ಕಿಗೆ ಹಳೆಯದು ಚಿಕ್ಕದಾಗಿತ್ತು.