ಅಪ್‌ಡೇಟ್: ಕಿತ್ತು ಬಂದ ಹಲ್ಲು ಮತ್ತೆ ಕೂತಿದೆ

8 ವರ್ಷದ ಮಗಳು ಸೈಕಲ್‌ನಿಂದ ಬಿದ್ದು ಮೇಲಿನ ಮುಂದಿನ ಹಲ್ಲು (ಹಾಲುಹಲ್ಲಲ್ಲ, ಶಾಶ್ವತ ಹಲ್ಲು) ಬೇರು ಸಮೇತ ಬಂದಿದೆ, ಏನು ಮಾಡಲಿ ಅಂತ ಗಾಬರಿಯಲ್ಲಿ ಕೇಳಿದ್ದೆ. "ಹಾಲಲ್ಲಿ ಹಾಕಿ, ಈಗಲೇ ಹೊರಡಿ" ಅಂದವರಿಗೆಲ್ಲ ಥ್ಯಾಂಕ್ಸ್.

ಬೇರು ಮುಟ್ಟದೆ, ಬಿಳಿ ಭಾಗ ಹಿಡಿದು, ಫ್ರಿಜ್‌ನಲ್ಲಿದ್ದ ಹಾಲಿನ ಲೋಟಕ್ಕೆ ಹಾಕಿಕೊಂಡು ಓಡಿದೆವು. ಅತ್ತೆ ಮಣ್ಣು ಕಂಡು ತಿಕ್ಕಿ ತೊಳೆಯಲು ಹೊರಟಿದ್ದರು, ಸದ್ಯ ತಡೆದೆ! ಬೇರಿಗೆ ಅಂಟಿರುವ ಜೀವಕೋಶ ಉಳಿದರೆ ಮಾತ್ರ ಹಲ್ಲು ಸರಿಯಾಗಿ ಹಿಡಿದುಕೊಳ್ಳುತ್ತದಂತೆ. ಒಣಗಿದರೆ ಗಂಟೆಯೊಳಗೆ ಹೆಚ್ಚುಕಮ್ಮಿ ಎಲ್ಲ ಸಾಯುತ್ತವೆ. ನೀರಲ್ಲಿಟ್ಟರೂ ಹಾಳಾಗುತ್ತವೆ. ಹಾಲಲ್ಲಿ ಸ್ವಲ್ಪ ಹೊತ್ತು ತಡೆಯುತ್ತವೆ.

ಡಾಕ್ಟರ್ ಇಂಜೆಕ್ಷನ್ ಕೊಟ್ಟು, ಸಲೈನ್‌ನಲ್ಲಿ ತೊಳೆದು, ಹಲ್ಲನ್ನು ಅದರ ಜಾಗಕ್ಕೇ ಕೂರಿಸಿದರು. ಅಕ್ಕಪಕ್ಕದ ಹಲ್ಲಿಗೂ ಸೇರಿಸಿ ತೆಳು ತಂತಿ ಅಂಟಿಸಿದರು. ಎರಡು ವಾರದ ಮೇಲೆ ಅದನ್ನು ತೆಗೆದಾಯಿತು. ಅಲ್ಲಿವರೆಗೂ ಮೊಸರನ್ನ, ಗಂಜಿ, ಮೆತ್ತನೆ ಬ್ರಷ್. ಚಕ್ಕುಲಿ ಡಬ್ಬಿ ಬಚ್ಚಿಡುವುದೇ ದೊಡ್ಡ ಕೆಲಸವಾಗಿತ್ತು.

ರೂಟ್ ಕೆನಾಲ್ ಸದ್ಯಕ್ಕೆ ಬೇಡ ಅಂದಿದ್ದಾರೆ. ಈ ವಯಸ್ಸಲ್ಲಿ ಬೇರಿನ ತುದಿ ಇನ್ನೂ ಮುಚ್ಚಿರಲ್ಲ, ರಕ್ತ ಸಂಚಾರ ತಾನಾಗಿ ಮರಳಬಹುದು. ಒಸಡಲ್ಲಿ ಕೀವು ಗುಳ್ಳೆ ಬಂದರೆ ಅಥವಾ ನೋವು, ಊತ ಕಂಡರೆ ತಕ್ಷಣ ಬರಬೇಕು.

ಹಾಲುಹಲ್ಲು ಬಿದ್ದರೂ ಹೀಗೇ ಮಾಡಬೇಕಾ ಅಂತ ಒಬ್ಬರು ಕೇಳಿದ್ದರಲ್ವಾ? ಡಾಕ್ಟರನ್ನೇ ಕೇಳಿದೆ. ಅದನ್ನು ವಾಪಸ್ ಕೂರಿಸಲೇಬಾರದು, ಒಳಗೆ ಬೆಳೆಯುತ್ತಿರುವ ಹೊಸ ಹಲ್ಲಿಗೆ ಪೆಟ್ಟಾಗಬಹುದು. ಆದರೆ ಸುಮ್ನೆ ಬಿಡದೆ ತೋರಿಸಿ. ಕೆಲವೊಮ್ಮೆ ಹಲ್ಲು ಬಿದ್ದಿರಲ್ಲ, ಒಸಡಿನೊಳಗೆ ಹುಗಿದುಕೊಂಡಿರುತ್ತೆ. ಎಕ್ಸ್‌ರೇ ತೆಗೆದರೆ ಗೊತ್ತಾಗುತ್ತದೆ.